ಸಮಾಧಿಕಲ್ಲಿನ ಹೀಬ್ರೂ ವರ್ಷ ಲೆಕ್ಕ ಹಾಕಿದರೆ ಕ್ರಿ.ಶ. 2120 ಅಂತ ಬರ್ತಿದೆ, ಎಲ್ಲಿ ತಪ್ಪಿದೆ?

ಪ್ರಶ್ನೆ:
ಪೋಲೆಂಡಿನಲ್ಲಿ ನಾಜಿ ಆಡಳಿತದಲ್ಲಿ ಅಂಗಳಕ್ಕೆ ಹಾಸಿದ್ದ ಯಹೂದಿ ಸಮಾಧಿಕಲ್ಲುಗಳನ್ನು (ಮಾತ್ಸೇವಾ) ಈಗ ಎಬ್ಬಿಸಿದ್ದಾರೆ, ಅವನ್ನು ದಾಖಲಿಸುವ ಕೆಲಸ. ಎಲ್ಲ ಮರಳುಗಲ್ಲು. ಒಂದು ತುಂಡಿನಲ್ಲಿ ಕೊನೆಯ ಎರಡು ಸಾಲು ಮಾತ್ರ ಉಳಿದಿವೆ. ತಿಂಗಳು ಕಿಸ್ಲೇವ್ ಅಂತ ಸ್ಪಷ್ಟ ಇದೆ. ವರ್ಷವನ್ನು ಅಂಕಿಯ ಬೆಲೆಯಿರುವ ಹೀಬ್ರೂ ಅಕ್ಷರಗಳಲ್ಲಿ ಕೆತ್ತಿದ್ದಾರೆ, ತಾವ್, ರೇಶ್, ಪೇ, ರೇಶ್: 400+200+80+200 = 880. ಕ್ರಿ.ಶ. ವರ್ಷಕ್ಕಾಗಿ 1240 ಕೂಡಿಸಿದರೆ 2120! ಇನ್ನೊಂದು, ಅಕ್ಷರಗಳೊಳಗೆ ಸಿಮೆಂಟ್ ಗಾರೆ ಕಚ್ಚಿಕೊಂಡಿದೆ. ವಿನೆಗರ್ ಹಾಕಿ ಉಜ್ಜಬಹುದಾ? ಸೀಮೆಸುಣ್ಣ ತುಂಬಿ ಫೋಟೊ ತೆಗೆದರೆ?

ಉತ್ತರ 1:
ಕೊನೆಯ ಅಕ್ಷರ ರೇಶ್ ಅಲ್ಲ, ದಾಲೆತ್. ವರ್ಷದ ಅಕ್ಷರಗಳನ್ನು ದೊಡ್ಡ ಬೆಲೆಯಿಂದ ಚಿಕ್ಕದಕ್ಕೆ ಇಳಿಸುತ್ತಾ ಬರೆಯುತ್ತಾರೆ. 80ರ ಮುಂದೆ 200 ಬರುವ ಮಾತೇ ಇಲ್ಲ. ದಾಲೆತ್‌ನ ಬಲ ಮೇಲ್ಮೂಲೆಯಲ್ಲಿ ಚಿಕ್ಕ ಚಾಚು ಇರುತ್ತೆ, ರೇಶ್ ಅಲ್ಲಿ ದುಂಡಗೆ ತಿರುಗುತ್ತೆ. ಸವೆದ ಮರಳುಗಲ್ಲಿನಲ್ಲಿ ಮೊದಲು ಹೋಗುವುದೇ ಆ ಚಾಚು. ಹೇ (5) ಮತ್ತು ಖೇತ್ (8), ಬೇತ್ (2) ಮತ್ತು ಕಾಫ್ (20) ಕೂಡ ಹೀಗೇ ಕೈಕೊಡುತ್ತವೆ.

ದಾಲೆತ್ 4, ಹಾಗಾಗಿ 684, ಅಂದರೆ 5684. 5000 ಬಿಟ್ಟು ಬರೆಯುವುದು ವಾಡಿಕೆ. 1240 ಕೂಡಿಸಿ 1924 ಅಂತ ದಾಖಲಿಸಿಬಿಡಬೇಡಿ. ಹೀಬ್ರೂ ವರ್ಷ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ತಿಶ್ರೀಯಿಂದ ಶುರು. ಕಿಸ್ಲೇವ್ ಮೂರನೇ ತಿಂಗಳು, ಆದ್ದರಿಂದ ನವೆಂಬರ್-ಡಿಸೆಂಬರ್ 1923. ದಿನ ಹಿಂದಿನ ಸಂಜೆ ಸೂರ್ಯಾಸ್ತಕ್ಕೇ ಆರಂಭವಾಗುವುದರಿಂದ ತಾರೀಖು ಒಂದು ದಿನ ಆಚೀಚೆ ಆಗಬಹುದು.

ಓರೆ ಬೆಳಕಿನಲ್ಲಿ ಖಚಿತಪಡಿಸಿಕೊಳ್ಳಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಕಲ್ಲಿಗೆ ನೇರವಾಗಿರಲಿ, ಫ್ಲಾಶ್ ಕ್ಯಾಮೆರಾದಿಂದ ಬಿಡಿಸಿ 10–15 ಡಿಗ್ರಿಯಲ್ಲಿ ಹಿಡಿಯಿರಿ. ಒಂದೇ ಕಡೆಯಿಂದ ಸಾಲದು: ಬೆಳಕು ಗೆರೆಯ ಉದ್ದಕ್ಕೇ ಹರಿದರೆ ಗೆರೆಯೇ ಮಾಯ. ಕನಿಷ್ಠ ನಾಲ್ಕು ದಿಕ್ಕು. ಆಗಲೂ ಓದಲಾಗದಿದ್ದರೆ ಆರ್‌ಟಿಐ (ರಿಫ್ಲೆಕ್ಟನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್, ಬೇರೆ ಬೇರೆ ದಿಕ್ಕಿನ ಬೆಳಕಿನ ಫೋಟೊಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸುವ ವಿಧಾನ): ಪಕ್ಕದಲ್ಲಿ ಎರಡು ಹೊಳೆಯುವ ಕಪ್ಪು ಗೋಲಿ ಇಟ್ಟು, ಬೆಳಕನ್ನು ಮಾತ್ರ ಸರಿಸುತ್ತಾ 40–60 ಫೋಟೊ. ಚಿತ್ರದಲ್ಲಿ ಗೋಲಿ ಸುಮಾರು 200 ಪಿಕ್ಸೆಲ್ ಅಗಲ ಬರಲಿ.

ಉತ್ತರ 2:
ವಿನೆಗರ್ ಬೇಡವೇ ಬೇಡ. ಅನೇಕ ಮರಳುಗಲ್ಲುಗಳಲ್ಲಿ ಕಣಗಳನ್ನು ಹಿಡಿದಿಟ್ಟಿರುವುದು ಸುಣ್ಣದಂಶ. ಆಮ್ಲ ಗಾರೆಯ ಜೊತೆ ಅದನ್ನೂ ಕರಗಿಸುತ್ತೆ. ಬ್ಲೀಚ್, ತಂತಿ ಬ್ರಷ್, ಪ್ರೆಷರ್ ವಾಷರ್ ಕೂಡ ಹತ್ತಿರ ಸುಳಿಯಬಾರದು. ಗಟ್ಟಿ ಗಾರೆ ಸಂರಕ್ಷಣಾ ತಜ್ಞರಿಗೇ ಬಿಡಿ.

ನೀರು ಹಾಕುವ ಮೊದಲು ಅಕ್ಷರದ ತಳವನ್ನು ಭೂತಗನ್ನಡಿಯಲ್ಲಿ ನೋಡಿ. ಎಷ್ಟೋ ಮಾತ್ಸೇವಾಗಳಿಗೆ ಬಣ್ಣ ಬಳಿದಿರುತ್ತಿತ್ತು. ಕಪ್ಪು, ಕೆಂಪು, ನೀಲಿಯ ಚೂರು ಕಂಡರೆ ತೊಳೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಬಣ್ಣವಿಲ್ಲ, ಪದರ ಏಳುತ್ತಿಲ್ಲ ಅಂದರೆ ಬರೀ ನೀರು, ಮೆತ್ತನೆ ಬ್ರಷ್, ಕೆಳಗಿಂದ ಮೇಲಕ್ಕೆ. ಸೀಮೆಸುಣ್ಣವೂ ಬೇಡ: ರಂಧ್ರದೊಳಗೆ ಕೂರುತ್ತೆ, ಮೇಲಾಗಿ ನೀವು ಊಹಿಸಿದ ಅಕ್ಷರವನ್ನೇ ಫೋಟೊದಲ್ಲಿ ಬರೆದಂತಾಗುತ್ತೆ. ನಮ್ಮ ಕಡೆ ಶಾಸನಗಳಿಗೆ ಮಾಡುವ ಮಸಿ ಅಚ್ಚೂ ಇಲ್ಲಿ ನಡೆಯಲ್ಲ, ಬ್ರಷ್‌ನ ಪೆಟ್ಟಿಗೆ ಪದರವೇ ಕಿತ್ತು ಬರುತ್ತೆ.

ಎತ್ತುವಾಗ ಹುಷಾರು. 100×50×15 ಸೆಂ.ಮೀ. ತುಂಡು ಸುಮಾರು 165 ಕೆ.ಜಿ. ತೂಗುತ್ತೆ. ಮರದ ರೀಪರ್ ಮೇಲೆ ಬಿಡಿಬಿಡಿಯಾಗಿ ಇಡಿ, ಪ್ಲಾಸ್ಟಿಕ್ ಸುತ್ತಬೇಡಿ, ನಂಬರನ್ನು ಕಲ್ಲಿನ ಮೇಲೆ ಬರೆಯದೆ ಚೀಟಿ ಕಟ್ಟಿ. ಎಲ್ಲಿಗೆ ಸಾಗಿಸುವುದು ಅನ್ನೋದನ್ನು ಪೋಲೆಂಡಿನ ಯಹೂದಿ ಸ್ಮಶಾನಗಳ ರಬ್ಬಿ (ಯಹೂದಿ ಧರ್ಮಗುರು) ಆಯೋಗವನ್ನು ಕೇಳಿಯೇ ತೀರ್ಮಾನಿಸಿ.

ಪ್ರಶ್ನೆ ಕೇಳಿದವರು:
ಬಲ ಮೇಲಿನಿಂದ ಬೆಳಕು ಬಿಟ್ಟಾಗ ಚಾಚಿನ ನೆರಳು ಸಿಕ್ಕಿತು, ದಾಲೆತ್ತೇ. ಈಗ ಎಕ್ಸೆಲ್‌ನಲ್ಲಿ ತೊಂದರೆ: ಹೀಬ್ರೂ ಸಾಲಿಗೆ ಚೌಕ ಕಂಸ, ಅಂಕಿ ಸೇರಿಸಿದ ತಕ್ಷಣ ಎಲ್ಲ ಅದಲುಬದಲು.

ಉತ್ತರ 1:
ಅದಲುಬದಲಾಗಿರುವುದು ತೋರಿಕೆ ಮಾತ್ರ, ಒಳಗಿನ ಕ್ರಮ ಸರಿಯಾಗೇ ಇದೆ. ಅದನ್ನು 'ಸರಿಮಾಡಲು' ಹಿಂದುಮುಂದಾಗಿ ಟೈಪ್ ಮಾಡಿದರೆ ಆಮೇಲೆ ಹುಡುಕಿದರೂ ಸಿಗಲ್ಲ. ಹೀಬ್ರೂ ಕಾಲಂಗೆ ಬಲದಿಂದ ಎಡಕ್ಕೆ ದಿಕ್ಕು ಕೊಡಿ, ಕಲ್ಲಿನ ಒಂದು ಸಾಲಿಗೆ ಒಂದು ರೋ. ಸಾಲಿನ ಸಂಖ್ಯೆ, ಅನುವಾದ ಬೇರೆ ಕಾಲಂಗಳಲ್ಲಿ. ಚೌಕ ಕಂಸ ಕಳೆದುಹೋದ ಅಕ್ಷರಕ್ಕೆ ಮಾತ್ರ. ನಿಮ್ಮ ದಾಲೆತ್ ಕಲ್ಲಿನಲ್ಲೇ ಕಂಡಿದೆಯಲ್ಲ, ಅದಕ್ಕೆ ಕಂಸ ಬೇಡ. 'ಓರೆ ಬೆಳಕು, ಬಲ ಮೇಲಿನಿಂದ' ಅಂತ ಟಿಪ್ಪಣಿ ಕಾಲಂನಲ್ಲಿ ಬರೆದು ಆ ಫೋಟೊದ ನಂಬರ್ ಹಾಕಿ.