ಪದಚರ್ಚೆ: ಹಲ್ಲಿಗೆ ಹಾಕುವ ‘ಕ್ರೌನ್’ಗೆ ಏನನ್ನೋಣ? ಗುರುವಾರ ಅಚ್ಚಿಗೆ ಹೋಗಬೇಕು

ಮೈಸೂರಿನಿಂದ, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ.

ಒಬ್ಬ ಹಲ್ಲಿನ ಡಾಕ್ಟರಿಗೆ ಎರಡು ಪುಟದ ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ಹಲ್ಲು ಹುಳುಕಾದರೆ, ಮುರಿದರೆ, ಉದುರಿದರೆ ಏನೇನು ಮಾಡಿಸಬಹುದು, ಯಾವುದು ಯಾರಿಗೆ ಸರಿ ಅಂತ ಹೋಲಿಸಿ ಬರೆದಿದ್ದಾರೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕೂತವರು ಓದಿ ಅರ್ಥ ಮಾಡಿಕೊಳ್ಳಬೇಕು. ಗುರುವಾರ ಬೆಳಗ್ಗೆ ಪ್ರೆಸ್ಸಿಗೆ ಕೊಡಬೇಕು. ಬಾಗಿಲ ಮೇಲಿನ ಬೋರ್ಡಿಗೂ ಇವೇ ಪದಗಳು.

ಫಿಲ್ಲಿಂಗ್, ಇನ್‌ಲೇ, ಆನ್‌ಲೇ, ವೆನೀರ್, ಕ್ರೌನ್, ಬ್ರಿಡ್ಜ್, ಇಂಪ್ಲಾಂಟ್. ಇವಿಷ್ಟು. ಮೇಲೊಂದು ತಲೆಬರಹ, ‘ರೆಸ್ಟೋರೇಷನ್’. ನಿಘಂಟು ತೆಗೆದರೆ ‘ಜೀರ್ಣೋದ್ಧಾರ’ ಅಂತಿದೆ. ದೇವಸ್ಥಾನಕ್ಕೆ ಸರಿ, ಹಲ್ಲಿಗೆ?

ದೊಡ್ಡ ತಲೆನೋವು ಕ್ರೌನ್‌ದು. ಮೂಲದಲ್ಲಿ ಒಂದು ವಾಕ್ಯ ಇದೆ: ಕ್ರೌನ್ ಅರ್ಧಕ್ಕಿಂತ ಜಾಸ್ತಿ ಒಡೆದಿದ್ದರೆ ಕ್ರೌನ್ ಹಾಕಬೇಕು. ಮೊದಲನೆಯದು ವಸಡಿನ ಮೇಲೆ ಕಾಣುವ ಹಲ್ಲಿನ ಭಾಗ. ಎರಡನೆಯದು ಡಾಕ್ಟರು ಮಾಡಿಸಿ ಕೂರಿಸುವುದು. ಎರಡಕ್ಕೂ ‘ಕಿರೀಟ’ ಅಂತ ಹಾಕಿ ಓದಿದೆ. ಪೌರಾಣಿಕ ನಾಟಕದ ಯುದ್ಧದ ದೃಶ್ಯ ಇದ್ದ ಹಾಗಿತ್ತು.

ನಮ್ಮಮ್ಮ ‘ಕ್ಯಾಪ್’ ಅನ್ನುತ್ತಾರೆ. ಕೋಡುಬಳೆ ಕಡಿಯುವಾಗ ದವಡೆ ಹಲ್ಲಿನ ಒಂದು ಮೂಲೆ ಟಕ್ಕಂತ ಹಾರಿತು, ಆಗ ಹಾಕಿಸಿಕೊಂಡಿದ್ದು. ಆದರೆ ಡಾಕ್ಟರು ‘ಇಂಗ್ಲಿಷ್ ಬೇಡ, ಒಳ್ಳೆ ಕನ್ನಡ ಇರಲಿ’ ಅಂದಿದ್ದಾರೆ. ‘ಟೋಪಿ’ ಅನ್ನೋಣ ಅಂದರೆ, ‘ಇಲ್ಲಿ ಟೋಪಿ ಹಾಕಲಾಗುತ್ತದೆ’ ಅನ್ನುವ ಬೋರ್ಡನ್ನು ಯಾವ ಡಾಕ್ಟರು ತಾನೇ ನೇತು ಹಾಕಿಕೊಳ್ಳುತ್ತಾರೆ?

ತುಮಕೂರಿನಿಂದ, ಸೋಮವಾರ ರಾತ್ರಿ

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆಯಮ್ಮಾ? ದಂತಪೂರಣ, ದಂತಮಕುಟ, ದಂತಸೇತು, ದಂತಾರೋಪಣ. ವೆನೀರಿಗೆ ದಂತಫಲಕ. ಮುಗಿಯಿತು. ‘ಹಲ್ಲುಮಕುಟ’ ಎಂದು ಮಾತ್ರ ಬರೆಯಬೇಡಿ, ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ ಅದು. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಬೇಡ ಎಂದ. ಈಗಿನವರು ಕೇಳಬೇಕಲ್ಲ.

ಬೆಂಗಳೂರಿನಿಂದ, ಸೋಮವಾರ ನಡುರಾತ್ರಿ

> ಮುಗಿಯಿತು.

ಮುಗಿದಿಲ್ಲ ಮೇಶ್ಟ್ರೇ. ನೀವು ಕೊಟ್ಟ ಅಯ್ದೂ ಸಂಸ್ಕ್ರುತ. ಓದಿದವರಿಗೆ ಏನು ಅರ್ತ ಆಗುತ್ತೆ? ಕನ್ನಡ ಬಾಶೆಗೆ ತನ್ನದೇ ಕಸುವಿದೆ, ಬಳಸಬೇಕು ಅಶ್ಟೆ. ಪಿಲ್ಲಿಂಗಿಗೆ ಹಲ್ತುಂಬು. ಕ್ರವ್ನಿಗೆ ಹಲ್ಗವಸು. ಬ್ರಿಡ್ಜಿಗೆ ಹಲ್ಸಂಕ. ಇಂಪ್ಲಾಂಟಿಗೆ ಹಲ್ನೆಡುಕೆ. ವೆನೀರಿಗೆ ಹಲ್ಬಿಲ್ಲೆ. ದಿಂಬಿಗೆ ಗವಸು ಇದೆ, ಕಯ್ಗೆ ಗವಸು ಇದೆ, ವೀಣೆಗೆ ಗವಸಣಿಗೆ ಇದೆ. ಹಲ್ಲಿಗೆ ಯಾಕೆ ಬೇಡ? ಹಲ್ಲು ಕಡಿಯುವುದಕ್ಕೆ ಹಳಗನ್ನಡದಲ್ಲಿ ‘ಪಲ್ಮೊರೆ’ ಅಂತಿತ್ತು. ಪಲ್ ಜೊತೆ ಪದ ಕಟ್ಟುವುದು ನಮಗೆ ಹೊಸತಲ್ಲ.

ತುಮಕೂರಿನಿಂದ, ಮಂಗಳವಾರ ಬೆಳಗ್ಗೆ

ಪಲ್ಮೊರೆಯುತ್ತಲೇ ಬರೆಯುತ್ತಿದ್ದೇನೆ. ‘ಸಂಕ’ ನೀವು ತಿಳಿದಂತೆ ಅಚ್ಚಗನ್ನಡ ಅಲ್ಲ, ಸಂಸ್ಕೃತ ‘ಸಂಕ್ರಮ’ದ ತದ್ಭವ. ಇನ್ನು ನಿಮ್ಮ ಬರಹದಲ್ಲಿ ಮಹಾಪ್ರಾಣಗಳೆಲ್ಲ ಉದುರಿ ಹೋಗಿವೆ. ಮೊದಲು ಅವನ್ನು ಕಟ್ಟಿಸಿಕೊಂಡು ಬನ್ನಿ, ಆಮೇಲೆ ಹಲ್ಲಿನ ಮಾತು.

ಉಡುಪಿ ಕಡೆಯಿಂದ, ಮಂಗಳವಾರ ಬೆಳಗ್ಗೆ

ಸಂಕ ಯಾರದ್ದೇ ಆಗಿರಲಿ, ಮಳೆಗಾಲದಲ್ಲಿ ನಾವು ದಾಟುವಂಥದ್ದು. ತೋಡಿಗೆ ಅಡ್ಡ ಎರಡು ಅಡಿಕೆ ಮರ ಹಾಕಿದರೆ ಆಯಿತು, ಕಾಲುಸಂಕ. ಕಾಲಿಟ್ಟರೆ ತೂಗುತ್ತದೆ, ಪಾಚಿ ಕಟ್ಟಿದ್ದರೆ ಜಾರುತ್ತದೆ. ‘ನಿಮಗೊಂದು ಸಂಕ ಹಾಕುವ’ ಅಂತ ಹಲ್ಲಿನ ಡಾಕ್ಟರು ಹೇಳಿದರೆ ನಮ್ಮೂರಿನವರು ಕುರ್ಚಿಯಿಂದ ಎದ್ದು ಮನೆಗೆ ಹೋದಾರು.

ಧಾರವಾಡದಿಂದ, ಮಂಗಳವಾರ ಮಧ್ಯಾಹ್ನ

ನಾನು ಹಲ್ಲಿನ ಡಾಕ್ಟರ್ ಇದ್ದೇನೆ. ನಿಮ್ಮ ಜಗಳ ದಿನಾ ಓದುತ್ತೇನೆ, ಇವತ್ತು ಮಾತ್ರ ಸುಮ್ನೆ ಕೂರಲು ಆಗಲಿಲ್ಲ.

ನನ್ನ ಹತ್ತಿರ ಬರುವವರು ಯಾರೂ ನಾಮಪದ ಹಿಡಿದುಕೊಂಡು ಬರುವುದಿಲ್ರಿ. ‘ಸಿಮೆಂಟ್ ತುಂಬ್ರಿ’, ‘ಕ್ಯಾಪ್ ಹಾಕ್ರಿ’, ‘ಎರಡು ಹಲ್ಲು ಕಟ್ಟಿ ಕೊಡ್ರಿ’ ಅಂತಾರೆ. ಎಲ್ಲಾ ಕ್ರಿಯಾಪದ. ನೀವು ಇಲ್ಲಿ ಸಮಾಸ ಕಟ್ಟುತ್ತಾ ಕೂತಿದ್ದೀರಿ.

ಅನುವಾದ ಮಾಡುತ್ತಿರುವ ತಂಗಿಗೆ ಒಂದಿಷ್ಟು ವಿಷಯ ಹೇಳುತ್ತೇನೆ. ಪದ ಯಾವುದೇ ಹಾಕಿ, ವಸ್ತು ತಪ್ಪಬಾರದು.

ಹುಳುಕು ಸಣ್ಣದು, ಸುತ್ತಲ ಗೋಡೆ ಗಟ್ಟಿ ಇದೆ ಅಂದರೆ ತುಂಬಿದರೆ ಸಾಕು. ‘ಸಿಮೆಂಟ್’ ಅಂದವರನ್ನು ನೋಡಿ ಓದಿದವರು ನಗುತ್ತಾರೆ. ನಗಬೇಡ್ರಿ. ಗ್ಲಾಸ್ ಅಯೊನೊಮರ್ ಅಂತ ಒಂದಿದೆ, ಗಾಜಿನ ಪುಡಿಗೆ ಆಮ್ಲದ ದ್ರಾವಣ ಕಲಸಿ ಮಾಡುವುದು. ಅದು ನಿಜವಾಗಿಯೂ ಸಿಮೆಂಟೇ. ಅದರಿಂದ ಸ್ವಲ್ಪ ಸ್ವಲ್ಪ ಫ್ಲೋರೈಡ್ ಹೊರಗೆ ಬರುತ್ತದೆ. ಮಕ್ಕಳ ಹಲ್ಲಿಗೆ, ವಸಡಿನ ಅಂಚಿಗೆ ಒಳ್ಳೆಯದು. ಜಗಿಯುವ ಜಾಗದಲ್ಲಿ ಬೇಗ ಸವೆಯುತ್ತದೆ. ಹಲ್ಲಿನ ಬಣ್ಣದ್ದು ಕಾಂಪೋಸಿಟ್. ಅದನ್ನು 2 ಮಿಲಿಮೀಟರಿನಷ್ಟು ಪದರ ಪದರವಾಗಿ ಹಾಕಿ, ಪ್ರತಿ ಸಲವೂ ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತೇವೆ. ಹಲ್ಲು ಒಣಗಿರಬೇಕು, ಉಗುಳು ತಾಗಿದರೆ ಅಂಟುವುದಿಲ್ಲ. ಇನ್ನು ಹಳಬರು ‘ಬೆಳ್ಳಿ ತುಂಬಿಸಿದ್ದೆ’ ಅನ್ನುತ್ತಾರಲ್ಲ, ಅದರ ತೂಕದಲ್ಲಿ ಸುಮಾರು ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರ. ಬಾಳಿಕೆ ಚೆನ್ನಾಗಿದೆ. ಆದರೆ ಪಾದರಸದ ಕಾರಣಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ 2025ರ ಜನವರಿಯಿಂದ, ತೀರಾ ಅಗತ್ಯ ಬಿದ್ದರೆ ಬಿಟ್ಟು, ನಿಲ್ಲಿಸಿದ್ದಾರೆ. ಕರಪತ್ರದಲ್ಲಿ ಬರೀ ‘ಬೆಳ್ಳಿ’ ಅಂತ ಬರೆದರೆ ಸುಳ್ಳಾಗುತ್ತದೆ.

ಕ್ರೌನ್ ಬೇಕಾಗುವುದು ಗೋಡೆಗಳೇ ಹೋದಾಗ. ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದ ಮೇಲೂ ಬಹಳ ಸಲ ಬೇಕಾಗುತ್ತದೆ, ಒಳಗೆ ಕೊರೆದ ಹಲ್ಲು ಜಗಿಯುವಾಗ ಸೀಳಬಹುದು. ಅದಕ್ಕೆ ಸುತ್ತಲೂ ಒಂದರಿಂದ ಎರಡು ಮಿಲಿಮೀಟರ್ ಹಲ್ಲು ಉಜ್ಜಿ ತೆಗೆಯಬೇಕು. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ತುಂಬಿದರೆ ಸಾಕಾಗುವ ಕಡೆ ಕ್ಯಾಪ್ ಕೇಳಬೇಡಿ ಅನ್ನುವುದನ್ನು ದಯವಿಟ್ಟು ದಪ್ಪ ಅಕ್ಷರದಲ್ಲಿ ಹಾಕಿ. ವೆನೀರ್ ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಹೆಚ್ಚಾಗಿ ಮುಂದಿನ ಹಲ್ಲಿಗೆ, ಅಂದಕ್ಕೆ. ದವಡೆಗೆ ಕೇಳಿಕೊಂಡು ಬರುತ್ತಾರೆ, ವಾಪಸ್ ಕಳಿಸುತ್ತೇನೆ.

ಹಲ್ಲೇ ಇಲ್ಲದ ಕಡೆ ಬ್ರಿಡ್ಜ್ ಅಥವಾ ಇಂಪ್ಲಾಂಟ್. ಬ್ರಿಡ್ಜ್ ಅಂದರೆ ಆಚೀಚೆಯ ಹಲ್ಲುಗಳ ಆಸರೆಯಲ್ಲಿ ನಡುವೆ ಕಟ್ಟುವ ಹಲ್ಲು. ಅದಕ್ಕೆ ಆ ಎರಡು ಹಲ್ಲನ್ನು ಉಜ್ಜಬೇಕು, ಅವು ಚೆನ್ನಾಗಿದ್ದರೂ. ಇಂಪ್ಲಾಂಟಿಗೆ ಅಕ್ಕಪಕ್ಕ ಮುಟ್ಟುವುದಿಲ್ಲ. ಟೈಟಾನಿಯಂ ತಿರುಪನ್ನು ದವಡೆಯ ಮೂಳೆಗೆ ಕೂರಿಸುತ್ತೇವೆ. ಮೂಳೆ ಅದನ್ನು ಬಿಗಿಯಾಗಿ ಹಿಡಿಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದ್ದು ಇದನ್ನೇ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಬೀಡಿ ಸಿಗರೇಟು ಜಾಸ್ತಿ ಸೇದುವವರು ಮೊದಲೇ ಹೇಳಬೇಕು, ಅವರಿಗೆ ಗಾಯ ಮಾಯುವುದು ಕಷ್ಟ.

ಪೇಪರಿನವರು ಇದಕ್ಕೆ ‘ದಂತ ಕಸಿ’ ಅಂತ ಬರೆಯುತ್ತಾರೆ. ತಪ್ಪು. ಕಸಿ ಅಂದರೆ ಜೀವ ಇರುವುದನ್ನು ಜೀವ ಇರುವುದಕ್ಕೆ ಕೂಡಿಸುವುದು. ಮಾವಿನ ಕಸಿ, ಮೂತ್ರಪಿಂಡದ ಕಸಿ. ತಿರುಪಿಗೆ ಎಲ್ಲಿಯ ಜೀವ? ಅದೂ ಅಲ್ಲದೆ ಮೂಳೆ ತೆಳ್ಳಗಿದ್ದವರಿಗೆ ಇಂಪ್ಲಾಂಟಿಗಿಂತ ಮೊದಲು ಮೂಳೆ ಕಸಿ ನಿಜವಾಗಿಯೂ ಮಾಡುತ್ತೇವೆ. ಎರಡನ್ನೂ ಕಸಿ ಅಂದರೆ ರೋಗಿಗೆ ಏನು ತಿಳಿಯಬೇಕು? ನೆಡುವುದು ಅನ್ನಿ. ಕಂಬ ನೆಡುತ್ತೇವೆ ಅಲ್ವಾ, ಹಾಗೆ.

ಶಿವಮೊಗ್ಗದಿಂದ, ಮಂಗಳವಾರ ಸಂಜೆ

ಡಾಕ್ಟ್ರೇ, ನಿಮ್ಮ ಕಂಬ ಚೆನ್ನಾಗಿದೆ. ನನ್ನದು ಮಾತ್ರ ಹೋಳಿಗೆಯ ವಿಷಯ.

ಮೇಷ್ಟ್ರ ‘ದಂತಪೂರಣ’ ನೋಡಿ ನಗು ಬಂತು. ಪೂರಣವೇ ಅಲ್ವಾ ನಮ್ಮ ಹೂರಣ? ಪಲ್ ಹೋಗಿ ಹಲ್ಲು ಆದ ಹಾಗೆ ಪೂರಣ ಹೋಗಿ ಹೂರಣ ಆಯಿತು. ಪಕಾರ ಹಕಾರ ಆಗುವ ಕಾಲಕ್ಕೇ ಅದು ನಮ್ಮ ಅಡುಗೆಮನೆಯಲ್ಲಿತ್ತು ಅಂತ ಆಯಿತಲ್ಲ. ಹಲ್ಲಿನ ಜೊತೆಗೇ ಬದಲಾದ ಪದವನ್ನು ಹೊರಗಿನದು ಅನ್ನುವುದು ಹೇಗೆ? ಬೆಂಗಳೂರಿನವರು ಉತ್ತರ ಕೊಡಲಿ. ಹಾಗಂತ ‘ಹಲ್ಲಿನ ಹೂರಣ’ ಅಂತ ಬೋರ್ಡು ಬರೆಸಬೇಡಿ ಮಾರಾಯ್ರೆ. ಬೆಲ್ಲ, ತೊಗರಿಬೇಳೆ, ಏಲಕ್ಕಿ ಕಣ್ಣಮುಂದೆ ಬರುತ್ತೆ. ಹುಳುಕು ಶುರುವಾಗೋದೇ ಅಲ್ಲಿಂದ.

ಬೆಂಗಳೂರಿನಿಂದ, ಮಂಗಳವಾರ ರಾತ್ರಿ

ಹೂರಣ ಎರವಲೇ, ಇಲ್ಲ ಅನ್ನಲಿಲ್ಲ. ಹಳೇ ಎರವಲು ಇರಲಿ, ಹೊಸ ಎರವಲು ಯಾಕೆ ಅನ್ನುವುದು ನನ್ನ ಕೇಳ್ವಿ. ‘ಹುಳುಕು’ ನೋಡಿ. ಹಳಗನ್ನಡದ ಪುೞು, ಈಗಿನ ಹುಳು, ಅದರಿಂದ ಹುಳುಕು. ಮಲಯಾಳದವರು ಇವತ್ತಿಗೂ ‘ಪುೞುಪ್ಪಲ್ಲು’ ಅಂತಾರೆ. ಎಂತ ಗಟ್ಟಿ ಪದ! ಇಂತವು ಇರುವಾಗ ‘ದಂತಕ್ಶಯ’ ಯಾರಿಗೆ ಬೇಕು?

ತುಮಕೂರಿನಿಂದ, ಮಂಗಳವಾರ ರಾತ್ರಿ

ಹಲ್ಲಿನಲ್ಲಿ ಹುಳುವೇ ಇಲ್ಲ. ಡಾಕ್ಟರನ್ನು ಕೇಳಿ. ಹಾಗಾದರೆ ನಿಮ್ಮ ಗಟ್ಟಿ ಪದ ಹೇಳುತ್ತಿರುವುದು ಸುಳ್ಳು. ಕ್ಷಯ ಎಂದರೆ ಸವೆಯುವುದು, ಅದು ನಿಜ.

ಧಾರವಾಡದಿಂದ, ಮಂಗಳವಾರ ರಾತ್ರಿ

ಹುಳ ಇಲ್ಲ, ಖರೆ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಅದು ಹಲ್ಲನ್ನು ಕರಗಿಸುತ್ತದೆ. ಆದರೆ ‘ಕ್ಷಯ’ ಅಂತ ಹೇಳಿದರೆ ರೋಗಿ ಕೆಮ್ಮಲು ಶುರು ಮಾಡುತ್ತಾನೆ ಮೇಷ್ಟ್ರೇ. ಹುಳುಕು ಇರಲಿ ಬಿಡ್ರಿ.

ಉಡುಪಿ ಕಡೆಯಿಂದ, ಬುಧವಾರ ಬೆಳಗ್ಗೆ

ತಲೆಬರಹಕ್ಕೆ ‘ಹಲ್ಲು ದುರಸ್ತಿ’ ಸಾಕಲ್ಲವಾ? ರಸ್ತೆ, ಪಂಪು, ಮಿಕ್ಸಿ ಎಲ್ಲವನ್ನೂ ದುರಸ್ತಿ ಮಾಡಿಸುತ್ತೇವೆ.

ತುಮಕೂರಿನಿಂದ, ಬುಧವಾರ ಬೆಳಗ್ಗೆ

ದುರಸ್ತಿ ಪಾರಸಿ.

ಬೆಂಗಳೂರಿನಿಂದ, ಬುಧವಾರ ಬೆಳಗ್ಗೆ

ಇದೊಂದರಲ್ಲಿ ಮೇಶ್ಟ್ರ ಮಾತು ಸರಿ.

ಮೈಸೂರಿನಿಂದ, ಬುಧವಾರ ರಾತ್ರಿ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಇದೊಂದು ಇಂಗ್ಲಿಷ್ ಪದಕ್ಕೆ ಕ್ಷಮೆ ಇರಲಿ.

ಇನ್‌ಲೇ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನಮ್ಮೂರಿನಲ್ಲಿ ಬೀಟೆ ಮರದ ಮೇಲೆ ಚಿತ್ರ ಕೂರಿಸುವವರು ಇದ್ದಾರಲ್ಲ, ಆ ಕೆಲಸಕ್ಕೂ ಇನ್‌ಲೇ ಅಂತಲೇ ಹೆಸರು. ಹಾಗಾಗಿ ಇವತ್ತು ಮಧ್ಯಾಹ್ನ ಮಂಡಿ ಮೊಹಲ್ಲಾಕ್ಕೆ ಹೋದೆ. ವಯಸ್ಸಾದ ಒಬ್ಬರು ನೆಲದ ಮೇಲೆ ಕೂತು ಆನೆಯೊಂದರ ಸೊಂಡಿಲು ಕೂರಿಸುತ್ತಿದ್ದರು. ಬೆರಳ ತುದಿಯಷ್ಟು ಬಿಳಿ ತುಂಡು. ಹಲಗೆಯಲ್ಲಿ ಅದರ ಆಕಾರಕ್ಕೇ ತೋಡು ತೆಗೆದಿದ್ದರು. ತುಂಡನ್ನು ಇಟ್ಟು ನೋಡಿದರು, ತೆಗೆದರು, ಅಂಚನ್ನು ಎರಡು ಸಲ ಅರದಿಂದ ಉಜ್ಜಿದರು, ಅಂಟು ಹಚ್ಚಿ ಒತ್ತಿದರು. ಹೆಬ್ಬೆರಳಿನಿಂದ ಸವರಿ ‘ನೋಡಮ್ಮ, ಕೈಗೆ ಸಿಗ್ತದಾ?’ ಅಂದರು. ಸಿಗಲಿಲ್ಲ. ಇದಕ್ಕೆ ಏನಂತೀರಿ ಅಂದೆ. ‘ತೋಡಿ ಕೂರಿಸೋದು, ಇನ್ನೇನು’ ಅಂದರು. ಹಲ್ಲಿನಲ್ಲಿ ಇನ್‌ಲೇ ಅಂದರೂ ಇದೇ. ಅಚ್ಚು ತೆಗೆದು, ಹೊರಗೆ ತುಂಡು ಮಾಡಿಸಿ, ತೋಡಿನಲ್ಲಿ ಕೂರಿಸಿ ಅಂಟಿಸುವುದು.

ಹೊರಡುವಾಗ ‘ದಂತಚಿಕಿತ್ಸೆಯ ಕರಪತ್ರಕ್ಕೆ ಬೇಕಿತ್ತು’ ಅಂದುಬಿಟ್ಟೆ. ಅವರ ಮುಖ ಬಿಗಿಯಿತು. ‘ದಂತದ ಕೆಲಸ ನಾವು ಮಾಡಲ್ಲಮ್ಮ, ಅದು ನಿಂತು ಎಷ್ಟೋ ಕಾಲ ಆಯ್ತು. ಇದು ಪ್ಲಾಸ್ಟಿಕ್.’ ದಂತ ಅಂದ ಕೂಡಲೇ ಅವರಿಗೆ ಬಂದದ್ದು ಆನೆಯೇ, ಬಾಯಿ ಅಲ್ಲ. ಹಲ್ಲು ಅಂತ ಬಾಯಿ ತೆರೆದು ತೋರಿಸಿದ ಮೇಲೆ ನಕ್ಕರು. ಮೇಷ್ಟ್ರೇ, ನಿಮ್ಮ ಅಷ್ಟೂ ದಂತಗಳನ್ನು ಅಲ್ಲೇ ಕೈಬಿಟ್ಟೆ.

ಡಾಕ್ಟ್ರು ಹೇಳಿದ ಹಾಗೆ ಕ್ರಿಯಾಪದಗಳಲ್ಲೇ ಬರೆದೆ. ತಲೆಬರಹ, ‘ಹಾಳಾದ ಹಲ್ಲಿಗೆ ಏನೇನು ಮಾಡಿಸಬಹುದು?’ ಕೆಳಗೆ ಹುಳುಕು ತುಂಬಿಸುವುದು, ತುಂಡು ಕೂರಿಸುವುದು, ಮುಂದಿನ ಹಲ್ಲಿಗೆ ಬಿಲ್ಲೆ ಅಂಟಿಸುವುದು, ಹಲ್ಲು ಕಟ್ಟಿಸುವುದು, ಹಲ್ಲು ನೆಡಿಸುವುದು. ಇನ್‌ಲೇ, ಆನ್‌ಲೇ ಎರಡೂ ತುಂಡೇ. ಹಲ್ಲಿನ ಉಬ್ಬುಗಳ ಮಧ್ಯೆ ಕೂತರೆ ಒಂದು, ಉಬ್ಬನ್ನೂ ಮುಚ್ಚಿದರೆ ಇನ್ನೊಂದು ಅಂತ ಒಂದು ಸಾಲು ಸೇರಿಸಿದೆ. ಬಿಲ್ಲೆ ಬೆಂಗಳೂರಿನವರದ್ದು, ಅವರಿಗೆ ಋಣಿ.

ಕ್ರೌನಿಗೆ ಗವಸು ಅಂತ ಬರೆದು ಅಮ್ಮನಿಗೆ ಓದಿ ಹೇಳಿದೆ. ‘ಗವಸು ಅಂದ್ರೆ ತೆಗೆದು ಒಗೆಯೋದಾ?’ ಅಂದರು. ಕ್ಯಾಪ್ ಅಂತಲೇ ಹಾಕಿದೆ. ಕರಪತ್ರದ ಡಾಕ್ಟರನ್ನು ಫೋನಿನಲ್ಲಿ ಒಪ್ಪಿಸಲು ಅರ್ಧ ಗಂಟೆ ಬೇಕಾಯಿತು. ಆ ವಾಕ್ಯ ಈಗ ಹೀಗಿದೆ: ವಸಡಿನ ಮೇಲೆ ಕಾಣುವ ಹಲ್ಲು ಅರ್ಧಕ್ಕಿಂತ ಜಾಸ್ತಿ ಒಡೆದಿದ್ದರೆ ಕ್ಯಾಪ್ ಹಾಕಿಸಬೇಕಾಗುತ್ತದೆ.

ಬೆಳಗ್ಗೆ ಎಂಟಕ್ಕೆ ಪ್ರೆಸ್ಸಿಗೆ ಕಳಿಸುತ್ತೇನೆ.

ತುಮಕೂರಿನಿಂದ, ಗುರುವಾರ ಬೆಳಗ್ಗೆ 7:50

‘ವಸಡು’ ಅಲ್ಲ, ‘ಒಸಡು’. ಪ್ರೆಸ್ಸಿಗೆ ಫೋನ್ ಮಾಡಿ.

ಬೆಂಗಳೂರಿನಿಂದ, ಗುರುವಾರ ಬೆಳಗ್ಗೆ 7:56

ಎರಡೂ ಬಳಕೆಯಲ್ಲಿವೆ. ಮಾಡಬೇಡಿ.