ಹಾಲಿನ ಕವರಿನ ಆನೆ ಬಿಸಿಲೇರಿದರೆ ಮಲಗಿಬಿಡುತ್ತದೆ

ಗಾಳಿಗೋಪುರ:
ನಮ್ಮ ಬೀದಿಯವರು ಸೇರಿ ಹಾಲಿನ ಕವರ್‌ಗಳಿಂದ ಗಾಳಿ ತುಂಬುವ ಆನೆ ಮಾಡಿದ್ದೇವೆ. ಎಂಟು ಅಡಿ ಎತ್ತರ, ಸುಮಾರು 600 ಕವರ್. ಕಲಾವಿದ ಟೊಮಾಸ್ ಸರಸೆನೊ 2007ರಲ್ಲಿ ಶುರು ಮಾಡಿದ 'ಮ್ಯೂಸಿಯೊ ಏರೊ ಸೋಲಾರ್' ಬಲೂನ್ ನೋಡಿ ಹುರುಪು ಬಂದದ್ದು. ಅದರಲ್ಲಿ ಹಳೇ ಪ್ಲಾಸ್ಟಿಕ್ ಚೀಲಗಳನ್ನು ಬಿಡಿಸಿ ಟೇಪಿನಲ್ಲಿ ಅಂಟಿಸಿದ್ದಾರೆ, ನಾವೂ ಹಾಗೇ ಸೆಲ್ಲೋಟೇಪ್ ಹಾಕಿದೆವು. ಬೆಳಿಗ್ಗೆ ಟೇಬಲ್ ಫ್ಯಾನ್ ಹಾಕಿದರೆ ಹೇಗೋ ನಿಲ್ಲುತ್ತದೆ. ಹನ್ನೊಂದು ಗಂಟೆಯಾದರೆ ಸಾಕು, ಮೊದಲಿಗೆ ಸೊಂಡಿಲು ಜೋತುಬೀಳುತ್ತದೆ, ಆಮೇಲೆ ಇಡೀ ಆನೆ. ಕವರ್ ಮೇಲೆ ಕವರ್ ಇಟ್ಟು ಇಸ್ತ್ರಿಪೆಟ್ಟಿಗೆಯಲ್ಲೂ ಒತ್ತಿ ನೋಡಿದೆ. ಕೆಲವು ಕಡೆ ಹಿಡಿಯಿತು, ನೀಲಿ ಅಕ್ಷರ ಇರುವಲ್ಲೆಲ್ಲ ಸಿಪ್ಪೆ ಹಾಗೆ ಸುಲಿದು ಬಂತು. ದೊಡ್ಡ ಫ್ಯಾನ್ ಬೇಕಾ?

ಹಳೇಸೈಕಲ್:
ದೊಡ್ಡದಲ್ಲ ಸಾರ್, ಬೇರೆ ಥರದ್ದು. ಟೇಬಲ್ ಫ್ಯಾನಿನಲ್ಲಿ ಒಳಗೆ ಸ್ವಲ್ಪ ಒತ್ತಡ ಕಟ್ಟಿದರೂ ಗಾಳಿ ರೆಕ್ಕೆಗಳ ಸಂದಿಯಿಂದಲೇ ವಾಪಸ್ ಬರುತ್ತದೆ. ಮಕ್ಕಳು ಕುಣಿಯುವ ಗಾಳಿ ಮನೆಗೆ ಹಾಕುತ್ತಾರಲ್ಲ, ಬಸವನಹುಳದ ಆಕಾರದ ಬ್ಲೋವರ್, ಅದು ಸರಿ. ಆದರೆ ಈಗಲೇ ತರಬೇಡಿ, ಈ ಟೇಪಿಗೆ ಅದನ್ನು ಹಾಕಿದರೆ ಆನೆ ಬಿಚ್ಚಿಕೊಂಡೇ ಹೋಗುತ್ತದೆ. ಪಾಲಿಥೀನಿಗೆ ಟೇಪ್ ಮೊದಲೇ ಸರಿಯಾಗಿ ಹತ್ತುವುದಿಲ್ಲ, ಬಿಸಿಲಿಗೆ ಅಂಟು ಮೆತ್ತಗಾಗಿ ಜಾರುತ್ತದೆ. ಸರಸೆನೊ ಬಲೂನು ಮೇಲೇಳುವುದು ಬಿಸಿಲಿಗೆ ಕಾದ ಗಾಳಿಯಿಂದ, ಅಂಟಿಸಿದ ಅಂಚಿನ ಮೇಲೆ ಬೀಳುವ ಒತ್ತಡ ತೀರಾ ಕಡಿಮೆ. ಅಲ್ಲಿಗೆ ಟೇಪ್ ಸಾಕು.

ಇಸ್ತ್ರಿಅಂಗಡಿ:
ನೀಲಿ ಅಕ್ಷರ ಇರುವಲ್ಲಿ ಸುಲಿಯಿತು ಎಂದಿರಲ್ಲ, ಉತ್ತರ ಅಲ್ಲೇ ಇದೆ. ಶಾಯಿ ನಡುವೆ ಬಂದರೆ ಪ್ಲಾಸ್ಟಿಕ್ ಬೆಸೆಯುವುದಿಲ್ಲ. ಒಂದರ ಮೇಲೊಂದು ಹೊದಿಸಬೇಡಿ. ಎರಡು ಕವರ್‌ಗಳ ಒಳಮೈಯನ್ನು ಮುಖಾಮುಖಿ ಇಟ್ಟು, ಅಂಚಿನಲ್ಲಿ ಒಂದು ಬೆರಳಗಲ ಮಾತ್ರ ಒತ್ತಿ. ಆ ಅಂಚು ಹೊರಗೆ ಎದ್ದು ನಿಲ್ಲುತ್ತದೆ, ಆನೆ ಚರ್ಮದ ಸುಕ್ಕು ಎಂದುಕೊಳ್ಳಿ! ಮೇಲೆ ಕೆಳಗೆ ಬಟರ್ ಪೇಪರ್ ಇರಲಿ. ಈ ಪ್ಲಾಸ್ಟಿಕ್ ಸುಮಾರು 110 ಡಿಗ್ರಿಗೇ ಕರಗುತ್ತದೆ, ಆದ್ದರಿಂದ ಕಾಟನ್ ಶಾಖ ಬೇಡ, ರೇಷ್ಮೆ ಗುರುತಿನಿಂದ ಶುರು ಮಾಡಿ ಒಂದೆರಡು ಚೂರಿನಲ್ಲಿ ನೋಡಿಕೊಳ್ಳಿ. ತಣ್ಣಗಾಗುವವರೆಗೆ ಎಳೆಯಬೇಡಿ. ಮತ್ತೆ, ಕವರನ್ನು ಸೋಪು ಹಾಕಿ ತೊಳೆದಿದ್ದೀರಾ? ಬರೀ ನೀರಲ್ಲಿ ತೊಳೆದರೆ ಹಾಲಿನ ಜಿಡ್ಡು ಉಳಿಯುತ್ತದೆ. ಅಲ್ಲೂ ಹಿಡಿಯುವುದಿಲ್ಲ.

ಗಾಳಿಗೋಪುರ:
ಬರೀ ನೀರು ಮೇಡಂ 🙈 ನಿನ್ನೆ ಸೋಪಿನಲ್ಲಿ ತೊಳೆದು ನೀವು ಹೇಳಿದ ಹಾಗೆ ಒಂದು ಕಾಲು ಮಾಡಿದೆ, 38 ಕವರ್. ಮಧ್ಯಾಹ್ನ ಎರಡಕ್ಕೂ ನಿಂತಿದೆ! ಹಾಲು ಸುರಿಯಲು ಕತ್ತರಿಸಿದ ಮೂಲೆಗಳಲ್ಲಿ ಮಾತ್ರ ಸುಯ್ ಅನ್ನುತ್ತಿದೆ. ಅದನ್ನೂ ಮುಚ್ಚಬೇಕಾ?

ಹಳೇಸೈಕಲ್:
ಬಿಟ್ಟುಬಿಡಿ. ಬ್ಲೋವರ್ ಓಡುತ್ತಲೇ ಇರುತ್ತದೆ, ಅಷ್ಟು ಸೋರಿದರೆ ಏನೂ ಆಗುವುದಿಲ್ಲ.