ಮೇಜು ಬಂದ ಮೇಲೆ ಕೊಲೆ

“ಮೇಜು ಬರುವವರೆಗೆ ಕೊಲೆ ಸಾಧ್ಯವಿಲ್ಲ,” ಎಂದ ಶೀನಿ.

ಕಾಫಿ ತಂದ ಹುಡುಗ ಲೋಟ ಇಡದೆ ಎರಡು ಹೆಜ್ಜೆ ಹಿಂದೆ ಸರಿದ.

“ಹೆದರಬೇಡಪ್ಪ, ಕಾದಂಬರಿಯಲ್ಲಿ,” ಎಂದರು ರಾಯರು. “ಅದೂ ಕಂತಿನ ಮೇಜು ಬಂದ ಮೇಲೆ.”

ಶೀನಿ ಸಕಲೇಶಪುರದ ಕಡೆ ಯಾವುದೋ ರೆಸಾರ್ಟಿನಲ್ಲಿ ಮೂರು ದಿನದ ಅಪರಾಧ ಕಾದಂಬರಿ ಶಿಬಿರ ಮುಗಿಸಿ ಬಂದಿದ್ದ. ತೇಗದ ಮೇಜು, ಹಸಿರು ದೀಪ, ಕಿಟಕಿಯಾಚೆ ಮಳೆ, ಇಷ್ಟು ಪಾಠವಾಗಿತ್ತು. ಹೆಣದ ಪಾಠ ಮುಂದಿನ ಶಿಬಿರಕ್ಕೆ, ಶುಲ್ಕ ಬೇರೆ.

“ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಗೆ ಮೇಜಿರಲಿಲ್ಲ,” ಎಂದರು ರಾಯರು.

“ನಿಂತುಕೊಂಡು ಬರೆದರೇ?” ಎಂದ ಸುಬ್ಬು.

“ಬರೆಯುವುದಕ್ಕೆಂದೇ ಇಟ್ಟ ಮೇಜಿರಲಿಲ್ಲ ಮಾರಾಯ. ಪತ್ರಿಕೆಯವರು ಫೋಟೊ ತೆಗೆಯಲು ಬಂದರೆ ಎಲ್ಲಿ ಕೂರುವುದೆಂಬ ಪೇಚಾಟ. ಅಲುಗಾಡದ ಮೇಜು, ಟೈಪ್‌ರೈಟರ್, ಇಷ್ಟಿದ್ದರೆ ಸಾಕೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮುಖ ತೊಳೆಯುವ ಬೋಗುಣಿ ಇಡುವ ಅಮೃತಶಿಲೆಯ ಮೇಜಾದರೂ ಆದೀತು, ಎರಡು ಊಟಗಳ ನಡುವೆ ಊಟದ ಮೇಜಾದರೂ ಆದೀತು. ತಟ್ಟೆ ಬರುವ ಹೊತ್ತಿಗೆ ಹೆಣ ಎತ್ತಿರಬೇಕು, ಅಷ್ಟೇ.”

“ತರಬೇತಿಯಾದರೂ ಇತ್ತಲ್ಲ?” ಶೀನಿ ಬಿಡಲಿಲ್ಲ.

“ಇತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ತಮ್ಮೂರು ಟಾರ್ಕಿಯ ಆಸ್ಪತ್ರೆಯಲ್ಲಿ ಔಷಧಿ ಕಲಸಿ ಕೊಡುತ್ತಿದ್ದರು. ಸುತ್ತಲೂ ವಿಷದ ಸೀಸೆಗಳು, ನಡುನಡುವೆ ಬೇಕಾದಷ್ಟು ಬಿಡುವು. ಇನ್ನೇನು ಹೊಳೆಯಬೇಕು? ಆ ಮೊದಲ ಕಾದಂಬರಿಯನ್ನು ಹಲವು ಪ್ರಕಾಶಕರು ಹಿಂದಿರುಗಿಸಿದರು. 1920ರಲ್ಲಿ ಅಚ್ಚಾದಾಗ ಅವರ ಕೈಗೆ ಹತ್ತಿದ್ದು 25 ಪೌಂಡು.”

“ಅದರಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಬರುತ್ತದೆ,” ಎಂದ ಸುಬ್ಬು. “ಈಗ ಬರೆಯುವವರಿಗೆ ಕಷ್ಟ. ನಮ್ಮ ಬೀದಿಯ ಅಂಗಡಿಯವನು ಕೆಮ್ಮಿನ ಔಷಧಿಗೂ ಚೀಟಿ ಕೇಳುತ್ತಾನೆ. ಮೊನ್ನೆ ನಮ್ಮ ಅತ್ತೆಗೆ…”

“ಅತ್ತೆಯ ವಿಚಾರ ಕೆಮ್ಮಿಗೇ ನಿಲ್ಲಲಿ,” ಎಂದರು ರಾಯರು. “ಕ್ರಿಸ್ಟಿಯ ಎಪ್ಪತ್ತಕ್ಕೂ ಹೆಚ್ಚು ನೋಟುಪುಸ್ತಕಗಳು ಉಳಿದಿವೆ. ಎಷ್ಟೋ ಶಾಲೆಯ ಮಕ್ಕಳು ಬರೆಯುವಂಥವು. ಕೊಲೆಯ ಸಂಚೂ ಅದರಲ್ಲೇ, ಕೊಳ್ಳಬೇಕಾದ ಸಾಮಾನಿನ ಪಟ್ಟಿಯೂ ಅದರಲ್ಲೇ.”

“ನನ್ನದು ಚರ್ಮದ ಹೊದಿಕೆಯದು,” ಎಂದ ಶೀನಿ. “ಮೊದಲ ಹಾಳೆ ಕೆಡಿಸಲು ಇನ್ನೂ ಮನಸ್ಸು ಬಂದಿಲ್ಲ.” ಬದಲಿಗೆ ಜೇಬಿನಿಂದ ಹೊಸ ಕಾರ್ಡು ತೆಗೆದು ಹಂಚಿದ. ಹೆಸರಿನ ಕೆಳಗೆ ಚಿನ್ನದ ಬಣ್ಣದಲ್ಲಿ ‘ಅಪರಾಧ ಕಾದಂಬರಿಕಾರ’.

ರಾಯರು ಕಾರ್ಡನ್ನು ಕನ್ನಡಕದ ಹತ್ತಿರ ಹಿಡಿದರು. “ಹತ್ತು ಪುಸ್ತಕ ಬಂದ ಮೇಲೂ, ಅರ್ಜಿಯಲ್ಲಿ ಉದ್ಯೋಗ ಎಂದಿದ್ದ ಕಡೆ ಆಕೆಗೆ ತೋಚುತ್ತಿದ್ದುದು ‘ವಿವಾಹಿತೆ’ ಎಂದು ಮಾತ್ರವಂತೆ. ಬರೆಯುವುದು ಪಕ್ಕದ ಕೆಲಸ.”

ಕಾರ್ಡು ತಿರುಗಿಸಿದರು. ಹಿಂದುಗಡೆ ಖಾಲಿ.

“ಜನಗಣತಿಯವರು ಬಂದಾಗ ನಮ್ಮವಳೂ ‘ಏನೂ ಇಲ್ಲ, ಮನೆಯಲ್ಲಿದ್ದೇನೆ’ ಎನ್ನುತ್ತಿದ್ದಳು. ಅವಳು ಹೋದ ಮೇಲೆ ಹಾಲಿನ ಲೆಕ್ಕದ ಪುಸ್ತಕ ಸಿಕ್ಕಿತು. ಕೊನೆಯ ಹಾಳೆಗಳಲ್ಲಿ ಪೆನ್ಸಿಲಿನಲ್ಲಿ ಒಂದು ಕಥೆ. ಒಳಗಿನಿಂದ ಚಿಲಕ ಹಾಕಿದ ಕೋಣೆ, ಅಡಕೆ ವ್ಯಾಪಾರಿಯ ಹೆಣ, ತೂಗುತ್ತಲೇ ಇರುವ ಉಯ್ಯಾಲೆ. ನಾಲ್ಕನೆಯ ಹಾಳೆಯಲ್ಲಿ ನಿಂತುಹೋಗಿದೆ. ಕೆಳಗೆ ‘17ನೇ ತಾರೀಕು, ಅರ್ಧ ಲೀಟರ್ ಹೆಚ್ಚು’.”

ಶೀನಿ ಲೋಟ ಕೆಳಗಿಟ್ಟ. “ಕೊಂದವರು ಯಾರು?”

“ಗೊತ್ತಿಲ್ಲ. ಅರ್ಧ ಲೀಟರ್ ಹೆಚ್ಚು ಎಂದರೆ ಆ ದಿನ ನನ್ನ ಕಡೆಯ ನೆಂಟರು ಬಂದಿದ್ದರು. ಅಷ್ಟು ಮಾತ್ರ ಪತ್ತೆಯಾಯಿತು.”